ಆರು ಕಾಲಿನ ಪ್ರಾಣಿ

ಕಮ್ಚಾಟ್ಕಾದ ಹೊಳೆ. ಆಗಸ್ಟ್ ಕೊನೆ.
ನೀರಿಗಿಂತ ಸಾಲ್ಮನ್ ಮೀನೇ ಹೆಚ್ಚಿದ್ದ ವಾರ.
ಬಲೆಯ ಪಾಲಿನ ಜಗಳದಲ್ಲಿ
ಪ್ರೊಕೋಪಿಗೂ ನನಗೂ ಮಾತು ನಿಂತು ಎರಡು ಚಳಿಗಾಲ.
ಒಂದೇ ದಂಡೆ, ಬೆನ್ನಿಗೆ ಬೆನ್ನು.
ನಡುವೆ ಅವನತ್ತೆ ಅಗಾಫ್ಯಾ, ಮೀನು ಸೀಳುತ್ತ
ನಮ್ಮ ಮಾತನ್ನೂ ಅತ್ತಿಂದಿತ್ತ ದಾಟಿಸುತ್ತ:
"ಉಪ್ಪು ಬೇಕಂತೆ."
"ಇಲ್ಲ ಅನ್ನು."

ಆಗ ಆಲ್ಡರ್ ಪೊದೆ ಎದ್ದು ನಿಂತಿತು.
ಪೊದೆಯಲ್ಲ.

ಓಡಬಾರದು. ಇಲ್ಲಿ ಮಕ್ಕಳಿಗೂ ಗೊತ್ತು.
ಬಿಡಿಬಿಡಿಯಾಗಿದ್ದರೆ ತುತ್ತು;
ಮೈಗೆ ಮೈ ಒತ್ತಿ ನಿಂತರೆ
ಕರಡಿಯ ಕಣ್ಣಿಗೆ ಒಂದೇ ದೊಡ್ಡ ಪ್ರಾಣಿ.

ನಿಂತೆವು.
ಆರು ಕಾಲು, ಮೀನಿನ ನಾತ,
ಯಾರು ಎಳೆದ ಉಸಿರನ್ನು ಯಾರು ಬಿಟ್ಟರೋ.
ಅಗಾಫ್ಯಾ ಚಾಕುವಿನ ಹಿಡಿಯಿಂದ ಬಕೆಟ್ಟು ಬಡಿದಳು.
ನನ್ನ ಭುಜದ ಮೂಳೆಯೊಳಗೆ
ಪ್ರೊಕೋಪಿಯ ಎದೆ ಹೊಡೆದುಕೊಳ್ಳುತ್ತಿತ್ತು,
ಅಥವಾ ನನ್ನದೇ.

ಕರಡಿ ನೋಡಿತು. ಗಾಳಿ ಮೂಸಿತು.
ನಮ್ಮನ್ನು ಒಂದು ಅಂತ ಎಣಿಸಿತು.
ಮೀನೊಂದನ್ನು ಕಚ್ಚಿಕೊಂಡು
ಅವಸರವಿಲ್ಲದೆ ಹೋಯಿತು.

ಪೊದೆ ಮತ್ತೆ ಪೊದೆಯಾದ ಮೇಲೂ
ನನ್ನ ತೋಳು ಅವನು ಬಿಡಲಿಲ್ಲ,
ನಾನು ಬಿಡಿಸಿಕೊಳ್ಳಲಿಲ್ಲ.
ಬೂಟಿನೊಳಗೆ ನೀರು ಹೊಕ್ಕದ್ದು
ತಿಳಿದದ್ದು ಆಮೇಲೆ.

"ಉಪ್ಪು," ಅಂದ, ನನಗೇ, ನೇರವಾಗಿ.
ಕೊಟ್ಟೆ.

ಬಲೆಯ ಲೆಕ್ಕ ಇನ್ನೂ ಹಾಗೇ ಇದೆ.