ಎರಡು ಬಗೆಯ ಕಪ್ಪು

ಟ್ರೋಮ್ಸೋ ಊರಿನಲ್ಲಿ ಸೂರ್ಯ
ಎರಡು ತಿಂಗಳ ರಜೆ ಹಾಕಿ ಹೋದ ವಾರವೇ
ನಮ್ಮ ಹಳೇ ಟಿವಿಯೂ ಹೋಯಿತು.
ಸ್ಕೀ ಓಟದ ಕೊನೆಯ ಏರು,
ಯಾರು ಮುಂದಿದ್ದರೋ, ಯಾರು ಬಿದ್ದರೋ,
ಟಪ್ಪೆಂದು ಒಂದು ಸದ್ದು, ಒಂದು ಬಿಳಿ ಚುಕ್ಕೆ,
ಆಮೇಲೆ ಗಾಜಿನಲ್ಲಿ ನಾನು, ಎಯ್ಲಿಫ್,
ನಡುವೆ ಮೀನಿನ ತಟ್ಟೆ.

ಇಪ್ಪತ್ತೊಂದು ವರ್ಷ ಬಾಳಿದ ಪೆಟ್ಟಿಗೆ.
ಬೆಚ್ಚಗಿನ ಅದರ ನೆತ್ತಿಯೇ ಬೆಕ್ಕಿಗೆ ಒಲೆಕಟ್ಟೆ.
ಈಗಿನವು ರೊಟ್ಟಿಯ ಹಾಗೆ ತೆಳ್ಳಗಂತೆ.
ಬೆಕ್ಕನ್ನು ಯಾರೂ ಕೇಳಲಿಲ್ಲ.

ಅಂಗಡಿಯ ಹುಡುಗ ಐಲು, ಒಳನಾಡಿನ ಸಾಮಿ,
ಎರಡು ಪರದೆ ಪಕ್ಕಪಕ್ಕ ನಿಲ್ಲಿಸಿ
ಹಲ್ಲು ಎಣಿಸಿ ಹಿಮಸಾರಂಗ ಮಾರುವವನಂತೆ
ಗುಣ ಹೇಳತೊಡಗಿದ:
‘ಇದು ಪ್ಲಾಸ್ಮಾ. ಇದರ ಕಪ್ಪು ಅಂದರೆ ಕಪ್ಪೇ.
ಪ್ರತಿ ಚುಕ್ಕೆ ತಾನೇ ಹೊತ್ತಿಕೊಳ್ಳುತ್ತದೆ, ತಾನೇ ಆರುತ್ತದೆ.
ಇದು ಎಲ್‌ಸಿಡಿ. ಹಿಂದೆ ದೀಪ ಉರಿಯುತ್ತಲೇ ಇರುತ್ತದೆ,
ಮುಂದೆ ಸಣ್ಣ ಸಣ್ಣ ಬಾಗಿಲು ಮುಚ್ಚಿಕೊಳ್ಳುತ್ತವೆ, ಅಷ್ಟೆ.
ಸಂದಿಯಲ್ಲಿ ಒಂಚೂರು ಸೋರುತ್ತದೆ.’

ಎಯ್ಲಿಫ್ ಮೂವತ್ತು ವರ್ಷ
ಕರಾವಳಿ ಹಡಗಿನ ಚುಕ್ಕಾಣಿ ಕೋಣೆಯಲ್ಲಿ ನಿಂತವನು,
ಕಪ್ಪಿನ ವಿಷಯದಲ್ಲಿ ಯಾರ ಮಾತನ್ನೂ ನಂಬುವವನಲ್ಲ.
ಎಲ್‌ಸಿಡಿಗೆ ಮೂಗು ತಾಗಿಸಿ ನೋಡಿದ.
‘ಇದು ಕಪ್ಪಲ್ಲ. ಎರಡನೇ ಸಲ ಕುದಿಸಿದ ಕಾಫಿ.’
ಪ್ಲಾಸ್ಮಾದ ಮುಂದೆ ಟೋಪಿ ತೆಗೆದ.
‘ಜನವರಿಯಲ್ಲಿ, ಹಮ್ಮರ್‌ಫೆಸ್ಟ್ ದಾಟಿದ ಮೇಲೆ
ಹೀಗೇ ಇರುತ್ತಿತ್ತು’ ಎಂದ,
ಐಲುವಿಗಲ್ಲ, ನನಗೂ ಅಲ್ಲ.

ನಾನು ಜೂನ್ ತಿಂಗಳ ಮಾತೆತ್ತಿದೆ.
ನಮ್ಮ ಕಿಟಕಿ ಬಡಗಣಕ್ಕೆ; ನಡುರಾತ್ರಿ ಬಿಸಿಲು
ಕೇಳದೆ ಒಳಬಂದು ಸೋಫಾದ ಮೇಲೆ ಕೂರುತ್ತದೆ.
ಹುಡುಗ ತಲೆ ಕೆರೆದ.
‘ಪ್ಲಾಸ್ಮಾದ್ದು ಗಾಜು. ಆಗ ನಿಮ್ಮ ಮುಖವೇ ಕಾಣಬಹುದು.’
ಅದನ್ನು ಸಾಕಷ್ಟು ನೋಡಿಯಾಗಿದೆ ಎಂದೆ.

ಹಾಗಾದರೆ ಚಳಿಗಾಲಕ್ಕೊಂದು, ಬೇಸಿಗೆಗೊಂದು?
ಇಬ್ಬರ ಪಿಂಚಣಿ ಕೂಡಿಸಿದರೂ
ಒಂದೂವರೆ ಟಿವಿ ಬರುವುದಿಲ್ಲ.

‘ಇನ್ನೊಂದು ಮಾತು’, ಐಲು ದನಿ ತಗ್ಗಿಸಿದ,
‘ಒಂದೇ ಚಿತ್ರ ಬಹಳ ಹೊತ್ತು ಬಿಟ್ಟರೆ
ಪ್ಲಾಸ್ಮಾದ ಮೇಲೆ ಕಲೆ ಕೂರುತ್ತದೆ.’
ಮೂಲೆಯಲ್ಲೊಂದು ಚಾನೆಲ್ಲಿನ ಗುರುತು
ಚಾನೆಲ್ ಬದಲಿಸಿದರೂ ಹೋಗದೆ ನಿಂತಿತ್ತು,
ಪಟ ಇಳಿಸಿದ ಗೋಡೆಯಲ್ಲಿ ಉಳಿದ ಚೌಕದಂತೆ.
ಒಂದೇ ಕುರ್ಚಿಯ ಒಂದೇ ತಗ್ಗಿನಲ್ಲಿ
ವರ್ಷಗಟ್ಟಲೆ ಕೂತವನ ಕಡೆ ತಿರುಗಿದೆ.
ಅವನು ಬೆಲೆ ಚೀಟಿ ಓದುತ್ತಿದ್ದ.

ಎರಡನೇ ದಿನ ಟಾರ್ಚ್ ತಂದ.
ಅಂಗಡಿಯ ದೀಪ ಆರಿಸಿ ಎಂದ.
ಮೂರನೇ ದಿನ ನಮ್ಮನ್ನು ಕಂಡ ಐಲು
ಬಟ್ಟೆ ಒಗೆಯುವ ಯಂತ್ರಗಳ ಹಿಂದೆ ಬಗ್ಗಿದ.
ನಾಲ್ಕನೇ ದಿನ ನಾನೊಬ್ಬಳೇ ಹೋಗಿ
ಶಾಲೆಯ ಅಡುಗೆಮನೆಯಲ್ಲಿ ದುಡಿದಿಟ್ಟ ದುಡ್ಡು ಕೊಟ್ಟು
ಎಲ್‌ಸಿಡಿ ಎಂದೆ.

ಗುರುವಾರ ಬಂತು. ಎಯ್ಲಿಫ್ ದೀಪ ಆರಿಸಿದ.
ಯಾವುದೋ ಚಿತ್ರ, ಇರುಳು ಕಡಲು, ಒಂದು ದೋಣಿ.
‘ಇದು ರಾತ್ರಿಯೇ ಅಲ್ಲ’ ಎಂದ.
ಆಗ ಗಂಟೆ ಮಧ್ಯಾಹ್ನ ಹನ್ನೊಂದೂವರೆ.
ಪರದೆ ಸರಿಸಿ ಹೊರಗೆ ನೋಡು ಎಂದೆ.
ಬೆಟ್ಟದಾಚೆ, ಯಾರೋ ದೀಪ ಆರಿಸಲು ಮರೆತಂತೆ,
ಹಿಮದ ಮೇಲೆ ಬೂದಿನೀಲಿ,
ಎಷ್ಟು ಮುಚ್ಚಿದರೂ ಸೋರುವ ಬೆಳಕು.
ಅವನು ಅತ್ತ ನೋಡಿದ, ಇತ್ತ ನೋಡಿದ,
ಮತ್ತೆ ಅತ್ತ.
ಬೆಕ್ಕು ಹಾರಿ, ಬೆರಳಗಲದ ಅಂಚಿನಿಂದ ಜಾರಿ,
ನಮ್ಮಿಬ್ಬರನ್ನೂ ದುರುಗುಟ್ಟಿತು.

‘ಆದರೂ ಕಾಫಿ ಬಣ್ಣವೇ’ ಎಂದ ಎಯ್ಲಿಫ್,
ಖಾಲಿ ಬಟ್ಟಲು ನನ್ನತ್ತ ಚಾಚಿ.