ಹತ್ತೊಂಬತ್ತನೇ ನಿಮಿಷ

ಖುರ್ಷಿದಾ ಬಿ, ನಿಮ್ಮ ನೆತ್ತರ ಕೊಳವೆಗೆ ಅಂಟಿಸಿದ ಚೀಟಿಯಲ್ಲಿ
ಹೆಸರಿಲ್ಲ, ನಲವತ್ತೊಂದು ಎಂದಷ್ಟೇ ಇದೆ.
ಆದರೂ ಮುಚ್ಚಳ ತೆಗೆದಾಗ
ಬೇಯುವ ಗೂಡಿನ ವಾಸನೆ ಬಂತು.
ಭ್ರಮೆ. ಬೆಳಿಗ್ಗೆ ಶಿಡ್ಲಘಟ್ಟದಲ್ಲಿ ಬಸ್ಸಿಳಿದಾಗಿನಿಂದ
ಅದು ನನ್ನ ದುಪಟ್ಟಾದಲ್ಲೇ ಇತ್ತು.

ಇಪ್ಪತ್ತಾರು ವರ್ಷ ಕುದಿನೀರಲ್ಲಿ ಬೆರಳದ್ದಿ
ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿದವರು ನೀವು,
ಎಂಟು ಗೂಡಿಗೆ ಎಂಟು ತುದಿ, ಮಾತಾಡುತ್ತಲೇ.
ಈಗ ಚಹಾ ಎತ್ತಿದರೆ ಅರ್ಧ ಬಸಿಯಲ್ಲಿ.
ಬಲಗೈ ಮೊದಲು, ಆಮೇಲೆ ನಡಿಗೆ.
"ನಿದ್ದೆ ಬರ್ತಿರ್ಲಿಲ್ಲ ಮೇಡಂ, ರೀಲಿಂಗು ನಿಂತ ಮೇಲೂ
ತಲೇಲಿ ಚರಕ ತಿರುಗ್ತಿತ್ತು.
ಒಂದು ಮುಚ್ಚಳ ಸಿರಪ್ಪು ಅಷ್ಟೇ.
ಮುಚ್ಚಳ ಒಂದೇ, ವರ್ಷ ಹನ್ನೊಂದು."

ನಾನು ಹುಡುಕುವುದು ಆ ಬಾಟಲಿಯಲ್ಲಿ ಇಲ್ಲ,
ಕಾಯಿಸಿದರೂ ಸೋಸಿದರೂ ಸಿಗದು.
ಅದು ಹುಟ್ಟುವುದು ಒಳಗೆ.
ಮದ್ದಿನ ಕ್ಲೋರಲ್ ಒಂದು ಕಡೆಯಿಂದ,
ನಿಮ್ಮದೇ ಮೈ ಮಾಡಿಕೊಳ್ಳುವ ಟ್ರಿಪ್ಟಮೀನ್ ಇನ್ನೊಂದು ಕಡೆಯಿಂದ,
ನೀವು ಕೊನೆಗೂ ಮಲಗಿದ್ದಾಗ
ಕೈಹಿಡಿದು ಮೂರನೆಯದಾಗುತ್ತವೆ.
ಯಾವ ಅಂಗಡಿಯೂ ಮಾರದ್ದು,
ನಡುಕ ತಡೆಯುವ ಜೀವಕಣಗಳ ಒಲೆ ಆರಿಸಬಲ್ಲದ್ದು.
(ಇಲಿಗಳಲ್ಲಿ, ಎಂದು ಬರೆದಿದ್ದಾರೆ. ನೀವು ಇಲಿಯಲ್ಲ.)

ಯಂತ್ರ ಹಳೆಯದು. ಚಿಕ್ಕಬಳ್ಳಾಪುರದ ಕರೆಂಟು
ಎರಡು ಸಲ ಕೈಕೊಟ್ಟಿತು.
ಮೂರನೇ ಸಲ ಸೂಜಿ ಚುಚ್ಚಿ ಕೂತೆ.
ಹತ್ತೊಂಬತ್ತನೇ ನಿಮಿಷಕ್ಕೆ, ಚಪ್ಪಟೆ ಗೆರೆಯ ಮೇಲೆ
ನೂಲಲ್ಲಿ ಉಳಿದ ಗಂಟಿನಷ್ಟು ಉಬ್ಬು.
ಯಂತ್ರದ ಗದ್ದಲವೋ, ಅದೋ?

ಹೋಲಿಸಲು ಸಿರಪ್ಪು ಮುಟ್ಟದ ನೆತ್ತರು ಬೇಕಿತ್ತು.
ಭಾನುವಾರ. ಯಾರೂ ಇರಲಿಲ್ಲ. ನನ್ನದೇ ತೆಗೆದೆ.
ಹತ್ತೊಂಬತ್ತನೇ ನಿಮಿಷಕ್ಕೆ ನನ್ನ ಗೆರೆ
ಅಲ್ಲಾಡಲಿಲ್ಲ.

ಹಾಗಾದರೆ ಇದೆ. ಒಂದು ಮಿಲಿಯಲ್ಲಿ
ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು, ಕೊಂಚ ಮೇಲೆ.
ಇದೆ ಎಂಬುದಷ್ಟೇ ಗೊತ್ತು.
ಇದರಿಂದಲೇ ಎಂದು ಬರೆಯಲು
ನಮೂನೆಯಲ್ಲಿ ಜಾಗವಿಲ್ಲ, ನನಗೆ ಧೈರ್ಯವೂ ಇಲ್ಲ.

ವರದಿ ತಂದ ದಿನ ಕೇಳಿದಿರಿ, "ಹೆಸರೇನು ಅದಕ್ಕೆ?"
ಹೇಳಿದೆ, ಒಂದುಸಿರಿಗೆ ಮುಗಿಯದ ಹೆಸರು.
ನಕ್ಕಿರಿ. "ನಾನು ಸಾಕಿದ್ದು, ನನಗೇ ಕರೆಯೋಕೆ ಬರಲ್ಲ."
ಆಮೇಲೆ ನನ್ನ ತೋಳಿನ ಹೊಲಿಗೆ ಬಿಟ್ಟು
ಇಳಿದಿದ್ದ ದಾರ ಕಂಡು ಕೈ ಚಾಚಿದಿರಿ.
ಬೆರಳು ತಪ್ಪಿತು. ಮತ್ತೆ ತಪ್ಪಿತು.

ತೋಳನ್ನು ಮೇಜಿನ ಮೇಲಿಟ್ಟು
ಅಲುಗದೆ ಕೂತೆ.