ವೇಷಗಳ ಯಾದಿ

ಪುಣೆಯ ನಾರಾಯಣ ಪೇಟೆ. ಮೂರನೇ ಮೆಟ್ಟಿಲು ಮುರಿದ ಏಣಿ ಹತ್ತಿದರೆ
ಖಾಂಬೇಟೆಯವರ ಬಾಡಿಗೆ ವೇಷದ ಅಂಗಡಿ.
ಹಗ್ಗದ ಮೇಲೆ ಒಣಗುವ ಗಡ್ಡಗಳು,
ಬಿಸ್ಕೀಟಿನ ಡಬ್ಬಿಯಲ್ಲಿ ಮೀಸೆ,
ಒಟ್ಟು ಮೂರು ಸಾವಿರದ ನಾನೂರು ಸಾಮಾನು.
ಒಂದೊಂದಕ್ಕೂ ಒಂದು ಫೋಟೊ, ಒಂದು ಸಾಲು ಮಾಹಿತಿ.
ಅದು ನನ್ನ ಕೆಲಸ. ತಿಂಗಳಿಗೆ ಹದಿನಾಲ್ಕು ಸಾವಿರ,
ಚಹಾ ಎರಡು ಸಲ.

ದಡ್ಡತನ ನನ್ನದೇ.
ಫೋಟೊಗಳನ್ನು ಡೇಟಾಬೇಸಿನ ಹೊಟ್ಟೆಯೊಳಗೇ ತುರುಕಿದೆ.
ಕಿರೀಟ ಹೋಯಿತು, ಗದೆ ಹೋಯಿತು,
ಹನ್ನೊಂದು ಜೊತೆ ಪಾದುಕೆ, ಒಂದು ಒಂಟಿ ಪಾದುಕೆಯೂ ಹೋಯಿತು.
ಫೈಲು ಬಾತುಕೊಂಡಿತು,
ನೆಂಟರ ಮನೆಯ ಮದುವೆ ಉಂಡು ಬಂದವನ ಹಾಗೆ.
ಒಂದು ನತ್ತು ಹುಡುಕಲು ಹೋದರೆ
ಇಡೀ ದರ್ಬಾರು ಏದುಸಿರು ಬಿಡುತ್ತ ಎದ್ದು ನಿಲ್ಲಬೇಕು.
ಗಣಪತಿ ಹಬ್ಬದ ಹಿಂದಿನ ವಾರ,
ಗಿರಾಕಿ ಬಾಗಿಲಲ್ಲಿ ನಿಂತಿರುವಾಗಲೇ
ಎರಡು ಜಿಬಿ ಮುಟ್ಟಿ ಕಣ್ಣು ಮುಚ್ಚಿತು.

ಖಾಂಬೇಟೆ ಬೈಯಲಿಲ್ಲ.
ಅಜ್ಜನ ಕಾಲದ ಕೆಂಪು ಖಾತೆವಹಿ ಇಳಿಸಿ
ಧೂಳು ಊದಿ ನನ್ನ ಮುಂದಿಟ್ಟರು.
"ಭೀಮನ ಗದೆ: ಕಪಾಟು ನಾಲ್ಕು, ಮೇಲಿನ ಅರೆ, ಎಡಕ್ಕೆ."
ಅಷ್ಟೇ ಬರೆದಿತ್ತು, ಮೋಡಿ ಅಕ್ಷರದಲ್ಲಿ.
"ಪೋರೀ, ಗದೆಯನ್ನೇ ವಹಿಯೊಳಗೆ ಇಟ್ಟಿದ್ದರೆ
ವಹಿ ಮುಚ್ಚುತ್ತಿತ್ತೇನು?"

ಮೂರು ರಾತ್ರಿ, ಹೆರಿಗೆ ಮಾಡಿಸಿದ ಹಾಗೆ,
ಒಂದೊಂದನ್ನೇ ಹೊರಗೆ ತೆಗೆದೆ.
ಹೊರಗೊಂದು ಫೋಲ್ಡರು, ಅದರೊಳಗೆ ಚಿತ್ರ;
ಒಳಗೆ ಉಳಿದದ್ದು ಬರೀ ಹಾದಿ:
ಚಿತ್ರಗಳು, ಕಿರೀಟ, ಇನ್ನೂರ ಹದಿನೇಳು.
ಇನ್ನು ಕುಗ್ಗು, ಎಂದೆ ಫೈಲಿಗೆ.
ಕುಗ್ಗಿತು. ಒಂಬತ್ತು ಎಂಬಿ.
ನಮ್ಮವ್ವನ ಸುಣ್ಣದ ಡಬ್ಬಿಯಷ್ಟು.

ಈಗ ಪುಟ ತಿರುವಿದರೆ
ಹೆಸರು ಕೂಗಿದ ಕೂಡಲೇ ಪರದೆಯ ಪಕ್ಕದಿಂದ
ಚಿತ್ರ ಓಡಿ ಬರುತ್ತದೆ, ಚೌಕದಲ್ಲಿ ನಿಲ್ಲುತ್ತದೆ.
ಮುಂದಿನದನ್ನು ಕರೆದೆನೋ, ಇದು ಒಳಗೆ.
ರಂಗದ ಮೇಲೆ ಮಲಗಲು ಯಾರಿಗೂ ಅಪ್ಪಣೆಯಿಲ್ಲ.
ಮುದ್ರಿಸುವಾಗಲೂ ಅಷ್ಟೇ:
ರಾಮ ಬಂದ, ಶಾಯಿ ಕುಡಿದ, ಹೋದ.
ಶಕುನಿ ಬಂದ.
ಪ್ರಿಂಟರು ರಾತ್ರಿಯಿಡೀ ಕೆಮ್ಮುತ್ತ
ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟಿತು.

ಐನೂರ ಹನ್ನೊಂದನೆಯ ಹಾಳೆ ಮಾತ್ರ ಬೇರೆ.
"ನೌವಾರಿ ಸೀರೆ, ಹಸಿರು. ಜರಿ ಸವೆದಿದೆ.
ಬಾಡಿಗೆಗೆ ಇಲ್ಲ."
ಮೇಲೆ ಖಾಲಿ ಚೌಕ.
ಹಾದಿ ಸರಿಯಾಗಿಯೇ ಇತ್ತು; ನೋಡಿದೆ, ಎರಡೆರಡು ಸಲ.
ಆ ವಿಳಾಸದಲ್ಲಿ ಯಾರೂ ಇರಲಿಲ್ಲ.

ಸಿಕ್ಕಿದ್ದು ಮಾಲಕರ ಕಂಪ್ಯೂಟರಿನಲ್ಲಿ.
ಮೌಸು ಹಿಡಿಯಲು ಬಾರದ ಮನುಷ್ಯ
ಹೇಗೋ ಎಳೆದು ತಂದು
ತೆರೆಯ ನಡುಮಧ್ಯೆ ಇಟ್ಟುಕೊಂಡಿದ್ದರು.
ಗೂಟಕ್ಕೆ ತೂಗುಹಾಕಿದ ಸೀರೆ,
ಅದಕ್ಕೆ ಗುಂಡುಪಿನ್ನಿನಿಂದ ಚುಚ್ಚಿದ ಹಳೆಯ ಭಾವಚಿತ್ರ:
ಅದೇ ಸೀರೆಯಲ್ಲಿ ಹತ್ತೊಂಬತ್ತರ ಹುಡುಗ,
ಹುಬ್ಬು ತಿದ್ದಿದ್ದು, ತಲೆ ತುಸು ಬಗ್ಗಿದ್ದು.
"ಮೀರಜದಲ್ಲಿ. ನಾಯಕಿಗೆ ಜ್ವರ ಆ ರಾತ್ರಿ,"
ಅಂದರು. ಬಾಗಿಲ ಕಡೆ ನೋಡಿದರು.
"ಒಂದೇ ರಾತ್ರಿ."

ವಾಪಸ್ ಇಡಲೇ, ಕೇಳಿದೆ.
ಇಲ್ಲವೆ "ಚಿತ್ರ ಲಭ್ಯವಿಲ್ಲ" ಎಂದು ಬರೆಸುತ್ತೇನೆ,
ಒಂದು ಸಾಲಿನ ಕೆಲಸ.
ಅವರು ಚಹಾ ಬಸಿಗೆ ಹುಯ್ದುಕೊಂಡು
ಆರುವವರೆಗೂ ಊದಿದರು. ಉತ್ತರ ಬರಲಿಲ್ಲ.

ಬೈಂಡಿಂಗಿನ ಹುಡುಗ ಸಂಜೆ ಬಂದ,
ಹಾಳೆ ಎಣಿಸುತ್ತ ನಿಂತ.
"ತಾಯಿ, ಇದೊಂದು ಕೆಟ್ಟಿದೆ, ಕಿತ್ತು ಬಿಸಾಡಲೇ?"
ಬೇಡಪ್ಪ, ಹಾಗೇ ಹೊಲಿ, ಅಂದೆ.
ಅವರಿನ್ನೂ ಬಣ್ಣ ಒರೆಸಿಲ್ಲ.